'ಕಾಯುವುದು' ಎಂದರೇನು? ಒಂದು ಹಿಬ್ರೂ ಕ್ರಿಯಾಪದ ಮತ್ತು ಮಾಗಡಿ ಕೆರೆ

ಆದಿಕಾಂಡ 2:15ರಲ್ಲಿ ಮಾನವನಿಗೆ ಒಪ್ಪಿಸಲಾದ ಕಾರ್ಯಗಳು ಎರಡು: ತೋಟದ ವ್ಯವಸಾಯ ಮತ್ತು ಅದರ ಕಾವಲು. ಹಿಬ್ರೂ ಮೂಲದಲ್ಲಿ ಮೊದಲನೆಯದು 'ಆವದ್', ಎರಡನೆಯದು 'ಶಾಮರ್'. ಇವೇ ಎರಡು ಧಾತುಗಳು ಸಂಖ್ಯಾಕಾಂಡ 3:7-8ರಲ್ಲಿ ಲೇವಿಯರ ಗುಡಾರಸೇವೆಯನ್ನು ಹೇಳಲು ಜೊತೆಯಾಗಿ ಬರುತ್ತವೆ. ಯಾಜಕತ್ವಕ್ಕೆ ಸಿದ್ಧರಾಗುತ್ತಿರುವವರು ಈ ಸಾಮ್ಯವನ್ನು ಲಘುವಾಗಿ ಎಣಿಸುವಂತಿಲ್ಲ. ಆದರೂ ನಮ್ಮ ಪ್ರಬೋಧನೆಗಳಲ್ಲಿ ದುಡಿಮೆಗೆ ದೊರೆತ ಸ್ಥಾನ ಕಾವಲಿಗೆ ದೊರೆತಿಲ್ಲ. ಕಾಯುವವನು ಏನನ್ನು ಬಿಟ್ಟುಕೊಡಬೇಕಾಗುತ್ತದೆ ಎಂಬ ಪ್ರಶ್ನೆಯನ್ನಂತೂ ನಾವು ಕೇಳುವುದೇ ಅಪರೂಪ.

ಈ ಪ್ರಶ್ನೆಗೆ ಉತ್ತರ ಗದಗ ಜಿಲ್ಲೆಯ ಮಾಗಡಿಯಲ್ಲಿದೆ. ಅಲ್ಲಿನ ಕೆರೆ ನೀರಾವರಿಗಾಗಿ ಮನುಷ್ಯರೇ ಕಟ್ಟಿದ್ದು. ವಿಸ್ತೀರ್ಣ ಸುಮಾರು 50 ಹೆಕ್ಟೇರ್ ಮಾತ್ರ. ಮಧ್ಯ ಏಷ್ಯಾದ ಎತ್ತರದ ಪ್ರದೇಶಗಳಲ್ಲಿ ಮರಿಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದು ಚಳಿಗಾಲವನ್ನು ಇಲ್ಲಿ ಕಳೆಯುತ್ತವೆ. ದಕ್ಷಿಣ ಭಾರತದಲ್ಲಿ ಅವುಗಳ ಅತಿ ದೊಡ್ಡ ನೆಲೆಗಳಲ್ಲಿ ಇದೂ ಒಂದು. 2024ರ ಆರಂಭದಲ್ಲಿ ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರದೊಡನೆ ಈ ಕೆರೆಯೂ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಹೆಬ್ಬಾತು ಕೆರೆಯ ನೀರನ್ನಷ್ಟೇ ನಂಬಿ ಬದುಕುವ ಹಕ್ಕಿಯಲ್ಲ. ನೀರಿನಂಚಿನಲ್ಲಿ ವಿಶ್ರಮಿಸಿ, ಸುತ್ತಲಿನ ಹೊಲಗಳಿಗಿಳಿದು ಎಳೆಯ ಪೈರನ್ನು ಮೇಯುತ್ತದೆ. ಆ ಹೊಲಕ್ಕೆ ಬೀಜ ಬಿತ್ತಿದವನು ರೈತ. ಅವನು ಸಹಿಸದೆ ಹೋದರೆ ಯಾವ ಪಟ್ಟಿಯೂ ಆ ಹಕ್ಕಿಯನ್ನು ಉಳಿಸಲಾರದು.

ವಿಮೋಚನಾಕಾಂಡ 23:11 ಈ ಸಹನೆಯನ್ನು ವಿಧಿಯಾಗಿಯೇ ನುಡಿಯುತ್ತದೆ: ಏಳನೆಯ ವರ್ಷ ಭೂಮಿಯನ್ನು ಬೀಳುಬಿಡಬೇಕು, ಬಡವರು ಉಣ್ಣಬೇಕು, ಅವರು ಉಳಿಸಿದ್ದನ್ನು ಕಾಡುಮೃಗಗಳು ತಿನ್ನಬೇಕು. ಬಡವರು ಮೊದಲು, ಮೃಗಗಳು ಆಮೇಲೆ ಎಂಬ ಈ ಅನುಕ್ರಮವನ್ನು ಗಮನಿಸಬೇಕು. ಸಣ್ಣ ಹಿಡುವಳಿದಾರನ ನಷ್ಟವನ್ನು 'ಔದಾರ್ಯ'ವೆಂದು ಹೊಗಳಿ ಕೈತೊಳೆದುಕೊಳ್ಳುವ ಪ್ರಬೋಧಕನು ಈ ವಚನವನ್ನು ಅರ್ಧ ಮಾತ್ರ ಓದಿದ್ದಾನೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಇನ್ನರ್ಧವನ್ನೂ ನೆರವೇರಿಸುವ ಯತ್ನ ನಡೆಯಿತು. ಅಲ್ಲಿನ ಹಕ್ಕಿಗಳ ವಿಷಯವನ್ನು 1976ರಲ್ಲಿ ಬೆಳಕಿಗೆ ತಂದವರು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು (ಆ ಹೆಸರಿನ ಊರು ನಮ್ಮ ಬೈಲಹೊಂಗಲ ತಾಲ್ಲೂಕಿನಲ್ಲಿಯೇ ಇದೆ). ಹಕ್ಕಿಗಳು ಗೂಡು ಕಟ್ಟುವ ಹುಣಸೆಮರಗಳ ಒಡೆಯರಿಗೆ ಸರ್ಕಾರ ಪರಿಹಾರಧನ ಕೊಡುವ ಪದ್ಧತಿ ಬಂತು. ಮುಂದೆ ಗ್ರಾಮಸ್ಥರು 'ಹೆಜ್ಜಾರ್ಲೆ ಬಳಗ'ವೆಂಬ ತಂಡ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕುವ ಕೆಲಸಕ್ಕೂ ಇಳಿದರು.

ಸ್ವಯಂಸೇವಕರ ಅಗತ್ಯ ಕಾನೂನಿನ ದೃಷ್ಟಿಯಿಂದಲೂ ಸ್ಪಷ್ಟವಾಗುತ್ತದೆ. 2017ರ ಜೌಗುಭೂಮಿ ನಿಯಮಗಳು ನೀರಾವರಿಗೆಂದೇ, ಕುಡಿಯುವ ನೀರಿಗೆಂದೇ ಕಟ್ಟಿದ ಕೆರೆಗಳನ್ನು ತಮ್ಮ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಹೆಚ್ಚಿನವು ಇಂಥವೇ. ಹೀಗಾಗಿ ಮಲಪ್ರಭೆಯ ನವಿಲುತೀರ್ಥದ ಜಲಾಶಯ ಎಲ್ಲರ ಕಣ್ಣಿಗೆ ಬಿದ್ದರೂ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಊರಕೆರೆಗಳ ಮೇಲೆ ಕಣ್ಣಿಡಬೇಕಾದವರು ಊರವರೇ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ 'ಸಂರಕ್ಷಣಾ ಮೀಸಲು' ಎಂಬ ದಾರಿಯೊಂದನ್ನು ತೆರೆದಿದೆ. ಸ್ಥಳೀಯರೊಡನೆ ಸಮಾಲೋಚಿಸಿಯೇ ಅದನ್ನು ಘೋಷಿಸಬೇಕು. ಸುಮಾರು 99 ಹೆಕ್ಟೇರಿನ ಊರಕೆರೆಯಾದ ಅಂಕಸಮುದ್ರ ಪಡೆದ ಮನ್ನಣೆ ಇದೇ.

ಇಲ್ಲಿ ಒಂದು ಅಪಾಯವನ್ನೂ ಹೇಳಬೇಕು. ಸದುದ್ದೇಶದ ಶ್ರಮದಾನವೇ ಕೆರೆಯನ್ನು ಕೆಡಿಸಬಲ್ಲದು. ಹೂಳೆತ್ತುವ ಭರದಲ್ಲಿ ದಡವನ್ನು ಕಡಿದಾಗಿ ಕೊರೆದು, ಕಲ್ಲು ಜೋಡಿಸಿ, ಸುತ್ತ ನಡಿಗೆದಾರಿ ಮಾಡಿದರೆ ನೀರೇನೋ ಹೆಚ್ಚು ನಿಲ್ಲುತ್ತದೆ. ಆದರೆ ಕಾಲೂರಿ ಮೇಯುವ ಹಕ್ಕಿಗಳಿಗೆ ಬೇಕಾದ, ಗೇಣುದ್ದ ನೀರಿನ ಕೆಸರಂಚು ಇಲ್ಲವಾಗುತ್ತದೆ. ಯೆಜೆಕಿಯೇಲನ ದರ್ಶನದಲ್ಲಿ ದೇವಾಲಯದಿಂದ ಹೊರಟ ಹೊಳೆ ಸತ್ತ ಕಡಲನ್ನು ಸಿಹಿಗೊಳಿಸುತ್ತದೆ, ದಡಗಳಲ್ಲಿ ಫಲವೃಕ್ಷಗಳು ಏಳುತ್ತವೆ. ಆದರೆ 47:11ರ ಪ್ರಕಾರ ಜೌಗುಗಳು ಸಿಹಿಯಾಗವು. ಅವನ್ನು ಉಪ್ಪಿಗಾಗಿ ಬಿಡಲಾಗುವುದು. ಈ ವಚನವನ್ನು ಶಾಪವೆಂದು ಓದುವ ವ್ಯಾಖ್ಯಾನಕಾರರಿದ್ದಾರೆ. ನಮಗೆ ಅದು ಒಪ್ಪಿಗೆಯಾಗದು. ಯಾಜಕಕಾಂಡ 2:13ರಂತೆ ಉಪ್ಪಿಲ್ಲದೆ ಧಾನ್ಯಾರ್ಪಣೆಯಿಲ್ಲ. ದೇವಾಲಯಕ್ಕೆ ಆ ಜೌಗು ಜೌಗಾಗಿಯೇ ಬೇಕು. ನವೀಕೃತ ಭೂಮಿಯಲ್ಲಿಯೂ ಎಲ್ಲವೂ ತೋಟವಾಗುವುದಿಲ್ಲ. ವಿಶ್ವಗುರು ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪತ್ರದ 39ನೆಯ ಕಂಡಿಕೆಯಲ್ಲಿ, ಸಾಗುವಳಿಗೆ ಒಳಗಾದ ಜೌಗುಭೂಮಿ ಕಳೆದುಕೊಳ್ಳುವ ಜೀವವೈವಿಧ್ಯವನ್ನು ನೆನಪಿಸುತ್ತಾರೆ.

ಆದುದರಿಂದ ಧರ್ಮಕೇಂದ್ರದ ಯುವಕರನ್ನು ಕೆರೆಯ ಕೆಲಸಕ್ಕೆ ಕರೆದೊಯ್ಯುವ ಗುರುಗಳು ಗುದ್ದಲಿ ಹಿಡಿಯುವ ಮೊದಲು ಒಂದು ವರ್ಷ ಕೆರೆಯನ್ನು ನೋಡಲಿ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಯಲ್ಲಿ ಸ್ವಯಂಸೇವಕರಿಗೆ ಅವಕಾಶವಿದೆ, ಅಲ್ಲಿಂದ ಆರಂಭಿಸಬಹುದು. ಕೆರೆಯ ಗಡಿ ಎಲ್ಲಿಯವರೆಗೆಂದು ಭೂಮಾಪನ ನಕ್ಷೆಯಲ್ಲಿ ನೋಡಿಕೊಳ್ಳಬೇಕು. ನೀರು ಇಳಿದಾಗ ಅಂಚಿನಲ್ಲಿ ಯಾರು ಬಿತ್ತುತ್ತಾರೆ, ಯಾರ ಎಮ್ಮೆಗಳು ಇಳಿಯುತ್ತವೆ, ಹಕ್ಕಿಗಳಿಂದ ಯಾರ ಪೈರು ಹಾಳಾಗುತ್ತದೆ ಎಂಬುದನ್ನು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಬೇಕು. ಹೂಳೆತ್ತುವುದು ಅನಿವಾರ್ಯವಾದರೆ ಒಂದು ಬದಿಯ ದಡವನ್ನಾದರೂ ಇಳಿಜಾರಾಗಿಯೇ ಬಿಡುವಂತೆ ಗ್ರಾಮ ಪಂಚಾಯಿತಿಯನ್ನು ಮೊದಲೇ ಒಪ್ಪಿಸಬೇಕು.