ಒತ್ತಿದ್ದು ಲೆಕ್ಕಕ್ಕೆ ಸಿಕ್ತು, ಎಳೆದ ಉಸಿರು?

ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಅಮೆರಿಕದಲ್ಲಿ ಲಂಗ್ ಹೆಲ್ತ್ ಸ್ಟಡಿ ಅಂತ ಒಂದು ದೊಡ್ಡ ಅಧ್ಯಯನ ನಡೀತು. ಸಿಗರೇಟ್ ಸೇದಿ ಶ್ವಾಸಕೋಶ ಕೆಡಿಸಿಕೊಳ್ಳುತ್ತಿದ್ದವರ ಕೈಗೆ ಇನ್‌ಹೇಲರ್ ಕೊಟ್ಟು, ದಿನಾ ತಗೊಳ್ಳಿ ಅಂದರು. ಕೆಲವರ ಪಂಪ್‌ಗೆ, ಒತ್ತಿದ ದಿನ, ಗಂಟೆ ಬರೆದಿಡುವ ಪುಟ್ಟ ಯಂತ್ರ ಜೋಡಿಸಿದ್ದರು. ಅದು ಸಮಯವನ್ನೂ ಬರೆದಿಡುತ್ತೆ ಅನ್ನೋದು ಆ ರೋಗಿಗಳಿಗೆ ಗೊತ್ತಿರಲಿಲ್ಲ. ಏನಾಯ್ತು ಗೊತ್ತಾ? ಹಲವರು ಮೂರೇ ಗಂಟೆಯೊಳಗೆ ನೂರಕ್ಕೂ ಹೆಚ್ಚು ಸಲ ಪಂಪ್ ಒತ್ತಿದ್ದರು! ಡಾಕ್ಟರ್ ತೂಕ ನೋಡಿದರೆ ಡಬ್ಬಿ ಖಾಲಿ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತಿರುವಿದ ಹಾಗೆ!

ಈಗ ಸ್ಮಾರ್ಟ್ ಇನ್‌ಹೇಲರ್ ಬಂದಿವೆ. ಸೆನ್ಸರ್ ಇದೆ, ಬ್ಲೂಟೂತ್ ಇದೆ, ಮೊಬೈಲ್‌ನಲ್ಲಿ ಲೆಕ್ಕ ಬರುತ್ತೆ. ಸರಿ ಸ್ವಾಮಿ, ಆದರೆ ಅದು ಅಳೆಯೋದು ಏನನ್ನ?

ಸರಳ ಸೆನ್ಸರ್ ನೋಡೋದು ಒತ್ತಿದ್ದನ್ನ ಮಾತ್ರ. ಗಾಳಿಗೆ ಒತ್ತಿದರೂ ಅದಕ್ಕೆ ಒಂದು ಡೋಸೇ. ಇನ್ನೊಂದು ಬಗೆ ಉಸಿರಿನ ವೇಗ ಅಳೆಯುತ್ತೆ. 2018ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿದ ಪ್ರೋಏರ್ ಡಿಜಿಹೇಲರ್ ಈ ಜಾತಿಯದು. ಮೂರನೆಯದು ಕೇಳಿಸಿಕೊಳ್ಳುತ್ತೆ. ಐರ್ಲೆಂಡ್‌ನ ಡಬ್ಲಿನ್‌ನಲ್ಲಿ ರೂಪುಗೊಂಡ ಇಂಕಾ ಎಂಬ ಸಾಧನದಲ್ಲಿ ಮೈಕ್ ಇದೆ. ಮುಚ್ಚಳ ತೆಗೆದ ಸದ್ದು, ಉಸಿರೆಳೆದ ಸದ್ದು, ತಪ್ಪಿ ಒಳಗೆ ಊದಿಬಿಟ್ಟ ಸದ್ದು, ಎಲ್ಲ ದಾಖಲು.

ಆ ಮೈಕ್ ಹೇಳಿದ್ದೇನು? 244 ಸಿಒಪಿಡಿ ರೋಗಿಗಳ ಮೇಲೆ ಇದನ್ನು ಬಳಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಸರಿಯಾದ ಹೊತ್ತಿಗೆ, ಸರಿಯಾದ ರೀತಿಯಲ್ಲಿ ಶೇ. 80ಕ್ಕಿಂತ ಹೆಚ್ಚು ಡೋಸ್ ತಗೊಂಡವರು ಶೇ. 6 ಮಂದಿ ಮಾತ್ರ! ಸರಾಸರಿ ನೋಡಿದರೆ ಶೇ. 22.6. ಇವರೆಲ್ಲ ಸೋಮಾರಿಗಳಲ್ಲ. ಸರಾಸರಿ ವಯಸ್ಸೇ 71. ಉಸಿರೆಳೆಯಲು ಶಕ್ತಿ ಸಾಲದವರು, ಮರೆವಿನವರು ಅದರಲ್ಲಿದ್ದರು.

ಅಳತೆ ತಪ್ಪಿದರೆ ಆಗೋ ಅನಾಹುತ ಇಲ್ಲೇ ಇದೆ. "ಔಷಧ ಸರಿಯಾಗಿ ತಗೊಂಡಿದ್ದಾರೆ, ಆದರೂ ಗುಣ ಇಲ್ಲ" ಅಂತ ಸೆನ್ಸರ್ ನಂಬಿದ ಡಾಕ್ಟರ್ ಡೋಸ್ ಏರಿಸುತ್ತಾರೆ. ಬೇಕಿದ್ದದ್ದು ಹೆಚ್ಚು ಔಷಧ ಅಲ್ಲ, ಎರಡು ನಿಮಿಷದ ಪಾಠ. ಇನ್ನೊಂದು ಮಾತು. ಉಸಿರಿನ ವೇಗ ಸರಿಯಿದ್ದರೂ, ಔಷಧ ಶ್ವಾಸಕೋಶದ ಆಳಕ್ಕೆ ಎಷ್ಟು ಇಳಿಯಿತು ಅನ್ನೋದನ್ನ ಈ ಯಾವ ಸೆನ್ಸರೂ ನೇರವಾಗಿ ಅಳೆಯೋದಿಲ್ಲ. ಅದು ಅಂದಾಜು.

ನಿಮ್ಮ ಮನೆಯಲ್ಲಿರೋದು ಸಾದಾ ಪಂಪೋ, ಕ್ಯಾಪ್ಸೂಲ್ ಹಾಕೋ ರೋಟಾಹೇಲರೋ ಇರಬಹುದು. ಪಂಪ್ ಆದರೆ ನಿಧಾನ, ದೀರ್ಘ ಉಸಿರು. ಪುಡಿಯದ್ದಾದರೆ ಜೋರಾಗಿ, ಒಂದೇ ಎಳೆತ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅದನ್ನ ಜೊತೆಗೆ ಒಯ್ಯಿರಿ, ಡಾಕ್ಟರ್ ಎದುರೇ ಎಳೆದು ತೋರಿಸಿ. ಸೆನ್ಸರ್ ಇರಲಿ, ಇಲ್ಲದಿರಲಿ, ಆ ಎರಡು ಕಣ್ಣು ನೋಡಲೇಬೇಕು.