ನೊರೆ ಬಂದರೆ ಔಷಧಿ ಅಂಟಿತೇ?

ಮುಂಗಾರು ಹಿಡಿಯುವ ಮೊದಲು ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಎಲೆ ತುಕ್ಕು ರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣ ತಯಾರಾಗುತ್ತದೆ. ಮೈಲುತುತ್ತ, ಸುಣ್ಣ, ನೀರು. ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಯಾರೋ ಒಬ್ಬರು ಬಟ್ಟೆ ಒಗೆಯುವ ಪುಡಿಯನ್ನೋ ಶಾಂಪೂವನ್ನೋ ಡ್ರಮ್ಮಿಗೆ ಸುರಿಯುತ್ತಾರೆ. ‘ನೊರೆ ಬಂತಲ್ಲ, ಇನ್ನು ಮಳೆ ಹೊಡೆದರೂ ಹೋಗಲ್ಲ ಬಿಡಿ’ ಎಂದು ತೀರ್ಪೂ ಕೊಡುತ್ತಾರೆ. ನೊರೆ ಹೆಚ್ಚಿದಷ್ಟೂ ಅಂಟು ಹೆಚ್ಚು ಎಂಬ ಈ ನಂಬಿಕೆಯನ್ನು ಅಲುಗಾಡಿಸುವುದು ಸಿಲ್ವರ್ ಮರ ಅಲುಗಾಡಿಸಿದಷ್ಟೇ ಕಷ್ಟ.

ಹರಡುವುದು ಬೇರೆ, ಅಂಟುವುದು ಬೇರೆ. ಕಾಫಿ ಎಲೆಯ ಮೇಣದ ಮೈ ಮೇಲೆ ನೀರು ಮಣಿಯಾಗಿ ಉರುಳುತ್ತದೆ; ಸಾಬೂನಿನ ಜಾತಿಯ ವಸ್ತು ಅದನ್ನು ಚಪ್ಪಟೆಯಾಗಿ ಹರಡಿಸುತ್ತದೆ, ನಿಜ. ಅತಿಯಾದರೆ ಹರಡಿದ್ದೆಲ್ಲ ಒಂದಕ್ಕೊಂದು ಕೂಡಿ ಎಲೆಯ ತುದಿಯಿಂದ ತೊಟ್ಟಿಕ್ಕುತ್ತದೆ. ಒಣಗಿ ಉಳಿದದ್ದನ್ನೂ ಮುಂದಿನ ಮಳೆ ಸುಲಭವಾಗಿ ನೆನೆಸಿ ತೊಳೆಯುತ್ತದೆ. ಬಟ್ಟೆಯ ಕೊಳೆ ಬಿಡಿಸಲೆಂದೇ ಮಾಡಿದ ಪುಡಿ ಔಷಧಿಯನ್ನು ಮಾತ್ರ ಹಿಡಿದಿಡುತ್ತದೆ ಎಂದು ನಂಬಲು ಧೈರ್ಯ ಬೇಕು.

ಎಷ್ಟು ಹಾಕಿದರೆ ಸಾಕು ಎಂಬ ಲೆಕ್ಕದ ಬೇರು ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಒಂದು ಅಡುಗೆಮನೆಯಲ್ಲಿದೆ. 1862ರಲ್ಲಿ ಹುಟ್ಟಿದ ಆಗ್ನೆಸ್ ಪೊಕೆಲ್ಸ್‌ಗೆ ಹೆಣ್ಣೆಂಬ ಕಾರಣಕ್ಕೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಆಕೆ ತಗಡಿನ ತೊಟ್ಟಿಯಲ್ಲಿ ನೀರು ತುಂಬಿ, ಅಡ್ಡಪಟ್ಟಿ ಸರಿಸುತ್ತ ನೀರಿನ ಮೇಲ್ಮೈಯನ್ನು ಹಿಗ್ಗಿಸಿ ಕುಗ್ಗಿಸಿ, ಹನಿಯನ್ನು ಮಣಿಯಾಗಿಸುವ ಅದರ ಎಳೆತವನ್ನು ಅಳೆದಳು. ಮೇಲೆ ಹರಡಿದ ಪದರವನ್ನು ಒಂದು ಮಿತಿಯವರೆಗೆ ಒತ್ತುವ ತನಕ ಏನೂ ಆಗದು, ಆಮೇಲೆ ಎಳೆತ ಥಟ್ಟನೆ ಇಳಿಯುತ್ತದೆ ಎಂದು ಕಂಡುಕೊಂಡಳು. ಭೌತವಿಜ್ಞಾನಿ ರೇಲಿಗೆ ಬರೆದ ಪತ್ರ 1891ರ ಮಾರ್ಚ್‌ನಲ್ಲಿ ‘ನೇಚರ್’ನಲ್ಲಿ ಅಚ್ಚಾಯಿತು. ಪಾತ್ರೆ ತೊಳೆಯುವಾಗ ಆಕಸ್ಮಿಕವಾಗಿ ಹೊಳೆದದ್ದು ಎಂದು ಇದನ್ನು ಕಥೆ ಕಟ್ಟುವವರು ಸುಮಾರು ಹತ್ತು ವರ್ಷದ ಅಳತೆಗಳನ್ನು ಮರೆತುಬಿಡುತ್ತಾರೆ.

1917ರಲ್ಲಿ ಅದೇ ಬಗೆಯ ತೊಟ್ಟಿಯನ್ನು ಸುಧಾರಿಸಿದ ಅರ್ವಿಂಗ್ ಲ್ಯಾಂಗ್‌ಮ್ಯೂರ್, ಆ ಪದರದ ದಪ್ಪ ಒಂದೇ ಒಂದು ಅಣುವಿನಷ್ಟು ಎಂದು ತೋರಿಸಿದರು. 1932ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ವರ್ಷ ಪೊಕೆಲ್ಸ್‌ಗೆ ಊರಿನ ತಾಂತ್ರಿಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಸಾಬೂನಿನ ಕಸುಬೂ ಇಂಥ ಒಂದು ಅಣುವಿನ ಪದರದಲ್ಲೇ. ಮೇಲ್ಮೈ ತುಂಬಿದ ಮೇಲೆ ಸುರಿದದ್ದು ನೀರಿನೊಳಗೆ ಗುಂಪುಗಟ್ಟಿ ಕೂರುತ್ತದೆ, ಎಳೆತ ಇನ್ನು ಇಳಿಯದು. ಇನ್ನೊಂದು ಪೊಟ್ಟಣ ಸುರಿದರೆ ಇಳಿಯುವುದು ಜೇಬಿನ ಭಾರ ಮಾತ್ರ.

ನೊರೆ ನೋಡಿ ತೀರ್ಪು ಕೊಡುವವರಿಗೆ ಬೆಂಗಳೂರಿನಿಂದಲೂ ಉತ್ತರವಿದೆ. 1930ರ ದಶಕದಲ್ಲಿ ಸೆಂಟ್ರಲ್ ಕಾಲೇಜಿನ ಕೆ.ಎಸ್. ಗುರುರಾಜ ದಾಸ್ ದ್ರಾವಣಗಳ ಮೇಲ್ಮೈಗೆ ‘ವಯಸ್ಸಾಗುವುದನ್ನು’ ಅಭ್ಯಸಿಸಿದರು. ಹೊಸದಾಗಿ ಹುಟ್ಟಿದ ಮೇಲ್ಮೈಗೆ ಅಣುಗಳು ಬಂದು ಸೇರಲು ಸಮಯ ಹಿಡಿಯುತ್ತದೆ. ಮೊದಲು ಬಂದ ವಿದ್ಯುದಾವೇಶದ ಅಯಾನುಗಳು ಹಿಂದೆ ಬರುವವನ್ನು ದೂರ ತಳ್ಳುತ್ತವೆ ಎಂಬುದು ಅವರ ವಿವರಣೆ. ನಾಜಲ್‌ನಿಂದ ಸಿಡಿದ ಹನಿ ಎಲೆಗೆ ತಾಗಲು ಕ್ಷಣವೂ ಬೇಡ. ಡ್ರಮ್ಮಿನಲ್ಲಿ ನಿಧಾನವಾಗಿ ಕೂತ ನೊರೆ ಆ ಹನಿಯ ಬಗ್ಗೆ ಏನು ಸಾಕ್ಷಿ ಹೇಳೀತು?

ಅಂಟು ಬೇಕಾದವರು ಹಿಂದೆಯೂ ಇದ್ದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದನ್ನು ಮೈಸೂರು ಸೀಮೆಗೆ ಕಲಿಸಿದ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಕಟ್ಟಿದ ಲೆಸ್ಲಿ ಕೋಲ್ಮನ್, ರಾಳವನ್ನು ಸೋಡಾದೊಂದಿಗೆ ಕುದಿಸಿ ದ್ರಾವಣಕ್ಕೆ ಬೆರೆಸಿದರು. ‘ಅದೂ ಸಾಬೂನೇ ಅಲ್ವಾ?’ ಎಂದು ಕೇಳುವ ಚುರುಕು ತಲೆಗಳಿಗೆ: ಹೌದು. ಆದರೆ ಅದು ದ್ರಾವಣದ ಸುಣ್ಣ, ತಾಮ್ರದೊಂದಿಗೆ ಕೂಡಿ ನೀರಿಗೆ ಕರಗದ ರಾಳದ ಲೇಪವಾಗುತ್ತದೆ. ಅಂಟುವುದು ಆ ಲೇಪ, ನೊರೆಯಲ್ಲ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಎಲೆಯ ಮೇಲ್ಭಾಗ ನೀಲಿಯಾದರೆ ಕೆಲಸ ಮುಗಿಯಿತೆಂಬುದು ಸುಳ್ಳು. ಎಲೆ ತುಕ್ಕಿನ ಶಿಲೀಂಧ್ರ ಒಳನುಗ್ಗುವುದು ಅಡಿಭಾಗದಿಂದ. ನಿನ್ನೆ ಉಳಿದ ದ್ರಾವಣ ಇಂದು ನಡೆಯದು; ಕಣಗಳು ದಪ್ಪವಾಗಿ ಅಂಟು ಕಳೆದುಕೊಳ್ಳುತ್ತವೆ. ಎಲೆಯೊಳಗೆ ಬೇರುಬಿಟ್ಟ ರೋಗವನ್ನು ಬೋರ್ಡೋ ವಾಸಿ ಮಾಡದು, ಬರದಂತೆ ಕಾಯುತ್ತದೆ ಅಷ್ಟೆ.

ಕಣ್ಣಿಗೆ ಕಾಣುವುದನ್ನೇ ಗುಣವೆಂದು ಹಿಡಿಯುವ ಚಾಳಿ ತೋಟದ ಗೇಟಿಗೆ ನಿಲ್ಲುವುದಿಲ್ಲ. ಟೂತ್‌ಪೇಸ್ಟು, ಶಾಂಪೂ, ಪಾತ್ರೆಯ ಸೋಪು ಎಲ್ಲಕ್ಕೂ ನೊರೆಯೇ ಸರ್ಟಿಫಿಕೇಟು. ಬಾಟಲಿಯ ಮೇಲೆ ಲೀಟರಿಗೆ ಇಷ್ಟೇ ಎಂದು ಅಚ್ಚಾದ ಅಳತೆಗಿಂತ ವಾಟ್ಸಾಪಿನ ‘ಒಂದು ಹಿಡಿ ಜಾಸ್ತಿ ಹಾಕಿ’ ಹೆಚ್ಚು ನಂಬಿಕಸ್ಥ. ನಿಜಕ್ಕೂ ಮಾಡಬೇಕಾದ ಪರೀಕ್ಷೆಗೆ ಕಾಸು ಖರ್ಚಿಲ್ಲ: ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣದ ತಿಳಿ ಇನ್ನೂ ಬೇಕು. ಹಿಡಿಯದಿದ್ದರೆ ಪಂಪು ಬೆನ್ನಿಗೇರಿಸಬಹುದು, ಶಾಂಪೂ ಬಚ್ಚಲಲ್ಲೇ ಇರಲಿ.