‘ಬೊಬ್ಬೆ ಯಾಕೆ ಹಾಕಲಿಲ್ಲ?’ ಎಂದು ಕೇಳುವ ಮೊದಲು

ಊರಲ್ಲಿ ಒಬ್ಬಳು ಹೆಣ್ಣುಮಗಳ ಮೇಲೆ ಅತ್ಯಾಚಾರ ಆಯಿತೆಂದು ಸುದ್ದಿ ಬಂದರೆ ನಾವು ಮೊದಲು ಕೇಳುವುದು ಎಂತ? ಅಷ್ಟು ಹೊತ್ತಿಗೆ ಅಲ್ಲಿಗೆ ಯಾಕೆ ಹೋದಳು? ಬೊಬ್ಬೆ ಯಾಕೆ ಹಾಕಲಿಲ್ಲ? ಇಷ್ಟು ದಿನ ಸುಮ್ಮನಿದ್ದು ಈಗ ಯಾಕೆ ಹೇಳುತ್ತಾಳೆ? ಬಂದರಿನ ಅಂಗಡಿ ಜಗಲಿಯಲ್ಲೂ ಮದುವೆ ಮನೆಯಲ್ಲೂ ಇದೇ ಮಾತು.

ಓದಿಲ್ಲದವರು ಮಾತ್ರ ಹೀಗೆ ಕೇಳುತ್ತಾರೆ ಎಂದು ತಿಳಿಯಬೇಡಿ. 2020ರ ಜೂನ್‌ನಲ್ಲಿ ನಮ್ಮ ಹೈಕೋರ್ಟೇ ಒಬ್ಬ ಆರೋಪಿಗೆ ನಿರೀಕ್ಷಣಾ ಜಾಮೀನು ಕೊಡುವಾಗ ಇಂತಹ ಮಾತು ಬರೆಯಿತು. ಘಟನೆಯ ನಂತರ ಸುಸ್ತಾಗಿ ನಿದ್ದೆ ಹೋದೆ ಎಂದು ದೂರು ಕೊಟ್ಟವಳು ಹೇಳಿದ್ದಳು. ಅದು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂದಿತು ಆದೇಶ. ರಾತ್ರಿ 11 ಗಂಟೆಗೆ ಆಫೀಸಿಗೆ ಯಾಕೆ ಹೋದಳು ಎಂದೂ ಕೇಳಿತು. ಆಕ್ಷೇಪ ಜೋರಾದ ಮೇಲೆ, ಜುಲೈಯಲ್ಲಿ ನಿದ್ದೆಯ ಸಾಲುಗಳನ್ನು ನ್ಯಾಯಮೂರ್ತಿಗಳೇ ತೆಗೆದು ಹಾಕಿದರು. ಆರೋಪ ನಿಜವೋ ಸುಳ್ಳೋ, ಅದು ವಿಚಾರಣೆಯಲ್ಲಿ ಗೊತ್ತಾಗಬೇಕಾದದ್ದು. ನಿದ್ದೆ ಬಂತೋ ಇಲ್ಲವೋ ಎಂಬುದರಿಂದ ಗೊತ್ತಾಗುವುದಿಲ್ಲ.

ಹೆದರಿದವರ ಬಾಯಿ ಕಟ್ಟುತ್ತದೆ, ಕೈಕಾಲು ಮರಗಟ್ಟುತ್ತದೆ. ಕೈಕಾಲು ಬಡಿದು ವಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತು ಎನ್ನುವ ಹಾಗಿಲ್ಲ. 2013ರಲ್ಲಿ ಬಂದ ಈ ನಿಯಮ ಈಗಿನ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲೂ ಇದೆ.

ಇನ್ನು ತಡವಾಗಿ ಹೇಳಿದ್ದು. 1984ರಲ್ಲಿ ಪಂಜಾಬಿನಲ್ಲಿ ಹತ್ತನೇ ತರಗತಿ ಪರೀಕ್ಷೆ ಬರೆದು ಬರುತ್ತಿದ್ದ ಹುಡುಗಿಯನ್ನು ಕಾರಿನಲ್ಲಿ ಎತ್ತಿಕೊಂಡು ಹೋದರು. ಮನೆಗೆ ಬಂದು ಅವಳು ತಾಯಿಗೆ ಹೇಳಿದಳು. ತಂದೆ ಮೊದಲು ಹೋದದ್ದು ಊರ ಸರಪಂಚರ ಹತ್ತಿರ. ಪಂಚಾಯಿತಿ ಸೇರಿಯೂ ಏನೂ ಆಗಲಿಲ್ಲ, ಮತ್ತೆ ಪೊಲೀಸರು. ದೂರು ತಡವಾಯಿತು, ಕಾರು ಯಾವ ಕಂಪೆನಿಯದ್ದೆಂದು ಅವಳಿಗೆ ಗೊತ್ತಿಲ್ಲ ಎಂದೆಲ್ಲ ಹೇಳಿ ಕೆಳಗಿನ ಕೋರ್ಟು ಆರೋಪಿಗಳನ್ನು ಬಿಟ್ಟಿತು. (ಹೆದರಿ ನಡುಗುವ ಮಗು ಕಾರಿನ ಕಂಪೆನಿ ನೋಡುತ್ತದೆಯೇ ಮಾರಾಯ್ರೆ!) 1996ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಮನೆಯ ಮರ್ಯಾದೆಗೆ ಹೆದರಿ ತಡ ಆಗುವುದುಂಟು, ಅವಳ ಮಾತು ನಂಬುವ ಹಾಗಿದ್ದರೆ ಅದೊಂದೇ ಸಾಕು ಎಂದಿತು.

ಆ ತಂದೆಯ ದಾರಿ ನಮಗೂ ಹೊಸದಲ್ಲ. ಹಿರಿಯರನ್ನು ಕೂರಿಸಿ ಮಾತಾಡಿ ಮುಗಿಸುವ ಅಭ್ಯಾಸ ನಮ್ಮದು. ಜಾಗದ ತಕರಾರಿಗೆ ಅದು ಸರಿ, ಇದಕ್ಕೆ ಅಲ್ಲ. 18 ವರ್ಷದೊಳಗಿನ ಮಗುವಾದರೆ, ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಮದ್ರಸದ ಉಸ್ತಾದರಿಗೂ ಜಮಾಅತ್ ಕಮಿಟಿಯವರಿಗೂ ಇದರಿಂದ ವಿನಾಯಿತಿ ಇಲ್ಲ.

ಮಗಳು ಕಷ್ಟಪಟ್ಟು ಬಾಯಿ ಬಿಟ್ಟಾಗ ಉಮ್ಮ ‘ನೀನು ಯಾಕೆ ಹೋದೆ?’ ಎಂದರೆ ಅವಳು ಎರಡನೇ ಮಾತು ಹೇಳುವುದಿಲ್ಲ. ಮೊದಲು ಹತ್ತಿರ ಕೂರಿಸಿ ಕೇಳಿ. ಬಟ್ಟೆ ಒಗೆಯದೆ ಹಾಗೇ ತೆಗೆದಿಡಿ. ಸರಕಾರಿ ಆಗಲಿ ಖಾಸಗಿ ಆಗಲಿ, ಆಸ್ಪತ್ರೆಯವರು ಚಿಕಿತ್ಸೆ ಉಚಿತವಾಗಿ ಕೊಡಬೇಕು. ಘಟನೆ ಎಲ್ಲೇ ಆಗಿರಲಿ, ಹತ್ತಿರದ ಠಾಣೆಯಲ್ಲಿ ದೂರು ಬರೆದುಕೊಳ್ಳಬೇಕು. ಅವಳ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಪೊಲೀಸರಿಗೆ 112, ಮಕ್ಕಳ ಸಹಾಯವಾಣಿ 1098.